ಹಳೆಯ ಕಾರಿನ ರೇಡಿಯೋ, ಹೊಸ ಕಾಲದ ಹಾಡು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆಯ ವಿಷಯವನ್ನು ಹೊರಗಿನ ಹಲಗೆಯ ಮೇಲೆ ಓದಿದ ಕೆಲವರು ಮುಗುಳುನಕ್ಕರೆಂದು ಕಾರ್ಯದರ್ಶಿಗಳು ತಿಳಿಸಿದರು. ಕುಮಾರವ್ಯಾಸನನ್ನೂ ಬಸವಣ್ಣನವರನ್ನೂ ಕುರಿತು ಮಾತು ನಡೆಯುವ ಈ ಕೊಠಡಿಯಲ್ಲಿ ಮೋಟಾರಿನ ರೇಡಿಯೋಕ್ಕೆ ಏನು ಕೆಲಸ? ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಇಷ್ಟೆ: ನಮ್ಮ ಸದಸ್ಯರಲ್ಲಿ ಕೆಲವರ ಮನೆಯಲ್ಲಿ ತಂದೆಯವರ ಕಾಲದ ಫಿಯೆಟ್ಟೋ ಅಂಬಾಸಡರೋ ಇನ್ನೂ ಉಳಿದಿದೆ. ಅದರಲ್ಲಿ ಒಂದು ರೇಡಿಯೋ ಇದೆ. ಅವರ ಜೇಬಿನಲ್ಲಿ ಸಾವಿರಾರು ಹಾಡು ತುಂಬಿದ ಫೋನು ಇದೆ. ಎರಡನ್ನೂ ಕೂಡಿಸುವುದು ಹೇಗೆಂದು ಕೇಳಿದರೆ ಅಂಗಡಿಯವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಹಳೆಯದನ್ನು ಕಿತ್ತುಹಾಕಿ, ಹೊಸದನ್ನು ಕೂಡಿಸಿ. ಹಾಗೆ ಮಾಡಬೇಕಾದ್ದಿಲ್ಲ ಎಂದು ಹೇಳುವುದಕ್ಕಾಗಿಯೇ ನಾವು ಇಲ್ಲಿ ನಿಂತಿದ್ದೇವೆ.

ಮುಂಬಯಿಯಲ್ಲಿ ಹಳೆಯ ಕಾರು ಎಂದೊಡನೆ ಕಣ್ಣಿಗೆ ಕಟ್ಟುವುದು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಫಿಯೆಟ್. ೧೯೫೦ರ ದಶಕದಲ್ಲಿ ಹನ್ನೊಂದುನೂರರ ಫಿಯೆಟ್ಟಾಗಿ ಬಂದು, ಹೆಸರುಗಳನ್ನು ಬದಲಿಸುತ್ತ, ೧೯೭೦ರ ದಶಕದಲ್ಲಿ ಪದ್ಮಿನಿಯಾಗಿ, ಕಪ್ಪು ಹಳದಿ ಬಣ್ಣ ಬಳಿದುಕೊಂಡು ಇಡೀ ನಗರವನ್ನೇ ಹೊತ್ತು ತಿರುಗಿತು. ೨೦೦೩ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ, ಇಪ್ಪತ್ತು ವರ್ಷಗಳ ಆಯುರ್ಮಿತಿ ಮುಗಿದು, ೨೦೨೩ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಬಂಗಾಳದ ಕಡೆಯ ಅಂಬಾಸಡರಿನ ತಯಾರಿಕೆ ೧೯೫೭ರಿಂದ ೨೦೧೪ರ ವರೆಗೆ ನಡೆಯಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಈಗ ಇವೆಲ್ಲ ಮನೆಯವರ ಪ್ರೀತಿಯಿಂದಷ್ಟೆ ಬದುಕಿರುವ ವಾಹನಗಳು.

ಇವುಗಳ ಮುಂಭಾಗದ ಹಲಗೆಯಲ್ಲಿದ್ದ ರೇಡಿಯೋವನ್ನು ನೆನಪಿಗೆ ತಂದುಕೊಳ್ಳಿ. ಎಡಕ್ಕೊಂದು, ಬಲಕ್ಕೊಂದು ತಿರುಗುಗುಂಡಿ. ನಡುವೆ ಅಂಕೆ ಬರೆದ ಗಾಜು. ಅದರ ಹಿಂದೆ ಒಂದು ಸಣ್ಣ ದೀಪ. ಕೆಲವಲ್ಲಿ ಒತ್ತುಗುಂಡಿಗಳ ಸಾಲು. ಮಧ್ಯಮ ತರಂಗ ಇದ್ದೇ ಇರುತ್ತಿತ್ತು, ಕೆಲವಲ್ಲಿ ಹ್ರಸ್ವ ತರಂಗವೂ ಇತ್ತು. ಹ್ರಸ್ವ ತರಂಗದಲ್ಲಿ ರೇಡಿಯೋ ಸಿಲೋನ್ ಕೇಳುತ್ತಿದ್ದ ತಲೆಮಾರು ಅದು. ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿ ಹುಟ್ಟಿದ ಮೇಲೆ ಸಿನಿಮಾ ಹಾಡಿಗಾಗಿ ಸಮುದ್ರ ದಾಟಬೇಕಾದ ಅವಸ್ಥೆ ತಪ್ಪಿತು. ಪ್ರಾಸಂಗಿಕವಾಗಿ ಒಂದು ಮಾತು: ‘ಆಕಾಶವಾಣಿ’ ಎಂಬ ಹೆಸರು ಮೊದಲು ಮೊಳಗಿದ್ದು ಮೈಸೂರಿನಲ್ಲಿ, ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಪ್ರಸಾರದಲ್ಲಿ. ಪರನಾಡಿನಲ್ಲಿರುವ ನಾವು ಇದನ್ನು ಹೇಳಿಕೊಳ್ಳುವ ಅವಕಾಶವನ್ನು ಎಂದೂ ಬಿಡುವುದಿಲ್ಲ!

ಈ ರೇಡಿಯೋಗಳಿಗೆ ಈಗ ಬಂದಿರುವ ಕಷ್ಟ ತಮ್ಮ ಒಳಗಿನದಲ್ಲ, ಹೊರಗಿನದು. ಕೇಳುವುದಕ್ಕೆ ನಿಲಯಗಳೇ ಕಡಮೆಯಾಗುತ್ತಿವೆ. ಜರ್ಮನಿಯ ರಾಷ್ಟ್ರೀಯ ಬಾನುಲಿ ೨೦೧೫ರ ಕೊನೆಯಲ್ಲಿ ಮಧ್ಯಮ ತರಂಗವನ್ನು ನಿಲ್ಲಿಸಿತು. ನಮ್ಮ ಆಕಾಶವಾಣಿಯೂ ಈಚಿನ ವರ್ಷಗಳಲ್ಲಿ ಹಳತಾದ ಹಲವು ಮಧ್ಯಮ ತರಂಗ ಪ್ರೇಷಕಗಳನ್ನು ಮುಚ್ಚಿದೆ. ನಾರ್ವೆಯಂತೂ ೨೦೧೭ರಲ್ಲಿ ತನ್ನ ರಾಷ್ಟ್ರೀಯ ಎಫ್.ಎಂ. ಪ್ರಸಾರವನ್ನೇ ಕೈಬಿಟ್ಟಿತು. ಬಾವಿ ಬತ್ತುತ್ತಿದೆ, ಕೊಡ ಒಡೆದಿಲ್ಲ. ಒಡೆಯದ ಕೊಡವನ್ನು ಎಸೆಯುವುದು ಏಕೆ?

ಕಾರಿನಲ್ಲಿ ತನ್ನ ಇಷ್ಟದ ಹಾಡು ಬೇಕೆಂಬ ಆಸೆ ಫೋನಿನೊಂದಿಗೆ ಹುಟ್ಟಿದ್ದೇನೂ ಅಲ್ಲ. ಅಮೆರಿಕದಲ್ಲಿ ಗಾಲ್ವಿನ್ ಎಂಬುವರು ೧೯೩೦ರಲ್ಲಿ ‘ಮೋಟೊರೋಲಾ’ ಎಂಬ ಕಾರು ರೇಡಿಯೋವನ್ನು ಮಾರುಕಟ್ಟೆಗೆ ತಂದರು. ನಿಲಯದವರು ಹಾಡಿಸಿದ್ದನ್ನು ಕೇಳುತ್ತ ಇಪ್ಪತ್ತೈದು ವರ್ಷ ಕಳೆಯಿತು. ೧೯೫೬ರ ಮಾದರಿಯ ಕಾರುಗಳಲ್ಲಿ ಕ್ರೈಸ್ಲರ್ ಕಂಪೆನಿ ಒಂದು ಗ್ರಾಮಫೋನನ್ನೇ ಕೂಡಿಸಿತು! ಏಳು ಅಂಗುಲದ ತಟ್ಟೆ, ನಿಮಿಷಕ್ಕೆ ಹದಿನಾರೂ ಮುಕ್ಕಾಲಿಗೆ ತುಸು ಕಡಮೆ ಸುತ್ತು. ಆ ತಟ್ಟೆಗಳು ಬೇರೆ ಯಂತ್ರದಲ್ಲಿ ಸುಲಭವಾಗಿ ನಡೆಯವು, ಬೇಕಾದ ಹಾಡುಗಳು ಆ ತಟ್ಟೆಗಳಲ್ಲಿ ಸಿಕ್ಕವು. ಕೆಲವೇ ವರ್ಷಗಳಲ್ಲಿ ವ್ಯವಹಾರ ಮುಗಿಯಿತು. ಆದರೆ ಅದರಲ್ಲಿ ನಾವು ಗಮನಿಸಬೇಕಾದ ಜಾಣತನವೊಂದಿದೆ. ತಟ್ಟೆಯ ಯಂತ್ರಕ್ಕೆ ಬೇರೆ ವರ್ಧಕವಾಗಲಿ ಬೇರೆ ಧ್ವನಿವರ್ಧಕವಾಗಲಿ ಇರಲಿಲ್ಲ. ಕಾರಿನಲ್ಲಿದ್ದ ರೇಡಿಯೋದ ಮೂಲಕವೇ ಅದು ಹಾಡಿತು. ಇಂದು ನಾವು ಮಾಡಹೊರಟಿರುವುದೂ ಅದನ್ನೇ.

‘ಆದರೆ ಇಂದಿನ ಸಂಗೀತ ಅಂಕೆಗಳ ರೂಪದ್ದು, ಡಿಜಿಟಲ್, ಹಳೆಯ ರೇಡಿಯೋ ಅದನ್ನು ಹೇಗೆ ಅರಿತೀತು?’ ಎಂದು ಅನೇಕರು ಕೇಳುತ್ತಾರೆ. ಈ ಭಯ ನಿರಾಧಾರವಾದದ್ದು. ಸಿ.ಡಿ. ತಟ್ಟೆಯಲ್ಲಿ ಧ್ವನಿಯನ್ನು ಒಂದು ಸೆಕೆಂಡಿಗೆ ೪೪,೧೦೦ ಬಾರಿ ಅಳೆದು ಅಂಕೆಗಳಾಗಿ ಬರೆದಿಟ್ಟಿರುತ್ತಾರೆ. ಫೋನಿನಲ್ಲಿರುವ ಹಾಡೂ ಇಂಥ ಅಂಕೆಗಳೇ, ಇನ್ನಷ್ಟು ಮಡಿಸಿ ಇಟ್ಟವು. ಆದರೆ ಮನುಷ್ಯನ ಕಿವಿ ಅಂಕೆಯನ್ನು ಕೇಳಲಾರದಷ್ಟೆ. ಆದಕಾರಣ ಫೋನು, ಅಥವಾ ಅದರಿಂದ ಹಾಡನ್ನು ಪಡೆಯುವ ಬ್ಲೂಟೂತ್ ಪೆಟ್ಟಿಗೆ, ಆ ಅಂಕೆಗಳನ್ನು ಮತ್ತೆ ಏರಿಳಿಯುವ ವಿದ್ಯುತ್ತಿನ ಅಲೆಯಾಗಿ ಮಾಡಿಯೇ ಹೊರಗೆ ಬಿಡುತ್ತದೆ. ಅಂಕೆಯ ಕತೆ ಆ ಹೊಸ್ತಿಲಲ್ಲೇ ಮುಗಿಯಿತು. ತಂತಿಯಲ್ಲಿ ಬರುವುದು ೧೯೫೬ರ ಗ್ರಾಮಫೋನಿನ ಮುಳ್ಳಿನಿಂದ ಬರುತ್ತಿದ್ದಂಥದೇ ಅಲೆ. ರೇಡಿಯೋಕ್ಕೆ ಅದು ಹಳೆಯ ಪರಿಚಯ.

ಇನ್ನು ಆ ಅಲೆಯನ್ನು ಒಳಗೆ ಬಿಡುವ ಬಾಗಿಲು ಯಾವುದು? ರೇಡಿಯೋದ ಒಳಗಿನ ನಡೆಯನ್ನು ಸ್ವಲ್ಪ ನೋಡಬೇಕು. ಏರಿಯಲ್ಲು ಹಿಡಿದ ಹಲವು ನಿಲಯಗಳ ತರಂಗಗಳಲ್ಲಿ ನಮಗೆ ಬೇಕಾದ ಒಂದನ್ನು ಶ್ರುತಿಯ ಗುಂಡಿ ಆರಿಸುತ್ತದೆ. ಆರಿಸಿದ್ದನ್ನು ಬಲಪಡಿಸಿ, ಡಯೋಡೊಂದು ಅದರ ಬೆನ್ನೇರಿ ಬಂದ ಹಾಡನ್ನು ಕೆಳಗಿಳಿಸುತ್ತದೆ. ಇಳಿದ ಹಾಡು ಧ್ವನಿಯ ಗುಂಡಿಗೆ, ಅಂದರೆ ವಾಲ್ಯೂಮ್ ಕಂಟ್ರೋಲಿಗೆ ಬರುತ್ತದೆ. ಅಲ್ಲಿಂದ ವರ್ಧಕಕ್ಕೆ, ಕೊನೆಗೆ ಧ್ವನಿವರ್ಧಕಕ್ಕೆ. ಹೀಗಾಗಿ ಹೊರಗಿನವರು ಒಳಗೆ ಬರಲು ಎರಡು ಬಾಗಿಲುಗಳಿವೆ. ಏರಿಯಲ್ಲು ಹೆಬ್ಬಾಗಿಲು. ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿ ಹಿತ್ತಿಲ ಬಾಗಿಲು.

ಹೆಬ್ಬಾಗಿಲಿನಿಂದ ಬರಬೇಕಾದರೆ ನಮ್ಮ ಹಾಡು ನಿಲಯದ ವೇಷ ಹಾಕಿಕೊಂಡು ಬರಬೇಕು. ಪೇಟೆಯಲ್ಲಿ ಸಿಗರೇಟಿನ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಪ್ರೇಷಕಗಳು ಸಿಗುತ್ತವಲ್ಲ, ಅವುಗಳ ಕೆಲಸ ಇದೇ. ನಮ್ಮ ಸದಸ್ಯರೊಬ್ಬರು ಒಂದನ್ನು ತಂದು ತಮ್ಮ ೧೯೬೦ರ ದಶಕದ ಫಿಯೆಟ್ಟಿಗೆ ಚುಚ್ಚಿದರು. ರೇಡಿಯೋದ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಎಳೆದರೂ ಒಂದು ಸ್ವರವಾದರೂ ಕೇಳಲಿಲ್ಲ. ಪ್ರೇಷಕ ಕೆಟ್ಟಿದೆಯೆಂದು ಹಿಂದಿರುಗಿಸಿ ಇನ್ನೊಂದನ್ನು ತಂದರು, ಅದೂ ಮೌನ. ‘ರೇಡಿಯೋವೇ ಸತ್ತಿದೆ, ತೆಗೆದುಬಿಡಿ’ ಎಂದರು ಅಂಗಡಿಯವರು. ನಿಜಸಂಗತಿ ಏನೆಂದರೆ ಆ ಪ್ರೇಷಕಗಳು ಎಫ್.ಎಂ.ನವು, ೮೮ರಿಂದ ೧೦೮ ಮೆಗಾಹರ್ಟ್ಸ್‌ವರೆಗಿನ ಸೀಮೆಯವು. ಭಾರತದಲ್ಲಿ ಎಫ್.ಎಂ. ಪ್ರಸಾರ ಮೊದಲಾದದ್ದೇ ೧೯೭೭ರಲ್ಲಿ, ಮದರಾಸಿನಲ್ಲಿ. ಅದಕ್ಕೂ ಹಿಂದಿನ ನಮ್ಮ ಕಾರು ರೇಡಿಯೋಕ್ಕೆ ಆ ಸೀಮೆಯ ಗಂಧವೇ ಇಲ್ಲ. ಕನ್ನಡ ಬಲ್ಲವನಿಗೆ ಚೀನೀ ಭಾಷೆಯಲ್ಲಿ ಕಾಗದ ಬರೆದು, ಉತ್ತರ ಬರಲಿಲ್ಲವೆಂದು ಅವನನ್ನು ಕಿವುಡನೆನ್ನಬಹುದೆ? ಅಂಗಡಿಯವರ ಮಾತು ಕೇಳಿದ್ದರೆ, ಐವತ್ತು ವರ್ಷ ತಂದೆಯವರ ಕೈ ತಿರುಗಿಸಿದ ಆ ಗುಂಡಿಗಳು ಗುಜರಿಗೆ ಹೋಗುತ್ತಿದ್ದವು. ಅದೃಷ್ಟವಶಾತ್ ಅವರ ತಾಯಿಯವರು ಒಪ್ಪಲಿಲ್ಲ. ಪರೀಕ್ಷಿಸಿ ನೋಡಿದಾಗ ರೇಡಿಯೋದಲ್ಲಿ ಕೆಟ್ಟಿದ್ದುದು ದೀಪವೊಂದೇ.

ಮಧ್ಯಮ ತರಂಗದ ಪುಟ್ಟ ಪ್ರೇಷಕಗಳೂ ಉಂಟು, ಎಫ್.ಎಂ.ನಷ್ಟು ಸುಲಭವಾಗಿ ಸಿಗುವುದಿಲ್ಲ. ಅವುಗಳಲ್ಲೂ ತೊಡಕುಗಳಿವೆ. ಕಾರಿನ ಏರಿಯಲ್ಲು ತಗಡಿನ ಮೈಯ ಹೊರಗಿದೆ, ಪ್ರೇಷಕ ಒಳಗಿದೆ. ತಗಡು ನಡುವೆ ಗೋಡೆಯಾಗುತ್ತದೆ. ಹಗಲಿನಲ್ಲಿ ಖಾಲಿಯೆಂದು ಆರಿಸಿಕೊಂಡ ಜಾಗಕ್ಕೆ ಕತ್ತಲಾದ ಮೇಲೆ ದೂರದ ನಿಲಯವೊಂದು ಬಂದು ಕುಳಿತಿರುತ್ತದೆ, ಏಕೆಂದರೆ ರಾತ್ರಿ ಮಧ್ಯಮ ತರಂಗಗಳು ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ನೂರಾರು ಮೈಲಿ ಬರುತ್ತವೆ. ಇವೆರಡಕ್ಕೂ ಪರಿಹಾರ ಒಂದೇ: ಹಾಡನ್ನು ಗಾಳಿಗೆ ಬಿಡದೆ, ಏರಿಯಲ್ಲಿನ ತಂತಿಯನ್ನು ಕಳಚಿ ಆ ಸ್ಥಾನದಲ್ಲಿ ಪ್ರೇಷಕದ ತಂತಿಯನ್ನೇ ಕೂಡಿಸುವುದು, ನಡುವೆ ಒಂದು ಸ್ವಿಚ್ಚು ಇಡುವುದು. ಗಾಳಿಗೆ ಬಿಡದಿದ್ದರೆ ಪರವಾನಗಿಯ ತಕರಾರೂ ಬಾರದು, ನೆರೆಯ ಕಾರಿನವರಿಗೆ ನಮ್ಮ ಹಾಡಿನ ಕಾಟವೂ ಇಲ್ಲ. ಈ ದಾರಿಯ ದೊಡ್ಡ ಗುಣವೆಂದರೆ ರೇಡಿಯೋದ ಮುಚ್ಚಳವನ್ನೇ ತೆರೆಯಬೇಕಾಗಿಲ್ಲ. ದೋಷವೆಂದರೆ ಮಧ್ಯಮ ತರಂಗದ ಇಕ್ಕಟ್ಟು. ಸುಮಾರು ಐದು ಸಾವಿರ ಹರ್ಟ್ಸ್‌ನ ಮೇಲಿನ ಧ್ವನಿಗಳೆಲ್ಲ ಆ ಓಣಿಯಲ್ಲಿ ಉದುರಿಹೋಗುತ್ತವೆ. ತಾಳದ ಝಣತ್ಕಾರ, ತಂಬೂರಿಯ ಜವಾರಿ ಅರ್ಧ ಮಾಯ.

ನಮ್ಮ ಒಲವು ಹಿತ್ತಿಲ ಬಾಗಿಲ ಕಡೆಗೆ. ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ ಒಂದು ಕವಚದ ತಂತಿಯನ್ನು ಬೆಸೆದು, ಹಲಗೆಯ ಕೆಳಗೆ ಕಾಣದಂತೆ ಒಂದು ಸಾಕೆಟ್ಟು ಬಿಟ್ಟರೆ ಮುಗಿಯಿತು. ಫೋನಿನಿಂದ ಬರುವ ಅಲೆಯ ಬಲವೂ ಡಯೋಡಿನಿಂದ ಆ ತುದಿಗೆ ಬರುವ ಅಲೆಯ ಬಲವೂ ಹೆಚ್ಚುಕಡಮೆ ಸಮ. ರೇಡಿಯೋ ಅದನ್ನು ತನ್ನದೆಂದೇ ಸ್ವೀಕರಿಸುತ್ತದೆ. ಕೇಳಲು ಸುಲಭ, ಮಾಡುವಾಗ ಮಾತ್ರ ಕೆಲವು ಸೂಕ್ಷ್ಮಗಳನ್ನು ಬಿಡಬಾರದು. ಫೋನಿನ ಹಾಡಿಗೆ ಎಡ ಬಲ ಎಂಬ ಎರಡು ಧಾರೆ, ರೇಡಿಯೋಕ್ಕೆ ಒಂದೇ. ಎರಡು ತಂತಿಗಳನ್ನು ಸುಮ್ಮನೆ ಹೆಣೆದುಬಿಟ್ಟರೆ ಒಂದು ಇನ್ನೊಂದನ್ನು ತಳ್ಳಾಡುತ್ತದೆ. ಒಂದನ್ನೇ ಕೂಡಿಸಿದರೆ ಕೆಲವು ಹಾಡುಗಳಲ್ಲಿ ವಾದ್ಯ ಬರುತ್ತದೆ, ಗಾಯಕ ಬರುವುದಿಲ್ಲ! ಒಂದೊಂದು ತಂತಿಗೆ ಸಾವಿರ ಓಮಿನ ಒಂದೊಂದು ರೆಸಿಸ್ಟರು ಇಟ್ಟು ಅನಂತರ ಕೂಡಿಸಬೇಕು. ರೇಡಿಯೋದ ಒಳಗಿನ ನೇರ ವಿದ್ಯುತ್ತು ಫೋನಿನ ಕಡೆಗೆ ಹರಿಯದಂತೆ ನಡುವೆ ಕೆಪಾಸಿಟರ್ ಬೇಕು: ವಾಲ್ವಿನ ಸೆಟ್ಟಿಗೆ ೦.೧ ಮೈಕ್ರೊಫ್ಯಾರಡ್ ಸಾಕು, ಟ್ರಾನ್ಸಿಸ್ಟರಿನದಕ್ಕೆ ಹತ್ತರಷ್ಟು ಬೇಕಾದೀತು. ನಿಲಯದ ಮಾತು ಹಾಡಿನೊಳಗೆ ನುಸುಳದಂತೆ ಡಯೋಡಿನ ದಾರಿಯನ್ನು ಕಡಿಯಲು ಒಂದು ಸ್ವಿಚ್ಚನ್ನೂ ಇಡುತ್ತಾರೆ. ಆದರೆ ಅನೇಕ ಸೆಟ್ಟುಗಳಲ್ಲಿ ಆ ವಾಲ್ಯೂಮ್ ಕಂಟ್ರೋಲೇ ಡಯೋಡಿನ ಹೊರೆಯೂ ಆಗಿರುತ್ತದೆ. ನಕ್ಷೆ ನೋಡದೆ ಅಲ್ಲಿ ಕತ್ತರಿ ಹಾಕಬಾರದು. ಬಲ್ಲ ರಿಪೇರಿಯವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಬೇಡವೆನಿಸಿದ ದಿನ ಎರಡು ಬೆಸುಗೆ ಬಿಚ್ಚಿದರೆ ರೇಡಿಯೋ ಮೊದಲಿನಂತೆ. ನಾವು ಈ ಉಪಾಯವನ್ನು ಮೆಚ್ಚುವುದು ಮುಖ್ಯವಾಗಿ ಈ ಕಾರಣಕ್ಕೆ.

ಕುತೂಹಲಿಗಳಾದ ತರುಣರು ಇದನ್ನು ಕೇಳಿ ಈ ರಾತ್ರಿಯೇ ಸ್ಕ್ರೂಡ್ರೈವರ್ ಹಿಡಿಯಬಹುದೆಂಬ ಅಂಜಿಕೆಯಿಂದ ಕೆಲವು ಮಾತು. ೧೯೫೦ರ ದಶಕದ ವಾಲ್ವಿನ ಸೆಟ್ಟಿನಲ್ಲಿ ವೈಬ್ರೇಟರ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಬ್ಯಾಟರಿಯ ಆರು ಅಥವಾ ಹನ್ನೆರಡು ವೋಲ್ಟನ್ನು ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕಡಿದು ಕೂಡಿಸಿ, ಟ್ರಾನ್ಸ್‌ಫಾರ್ಮರಿನ ಮೂಲಕ ಇನ್ನೂರರ ಆಸುಪಾಸಿಗೆ ಏರಿಸುತ್ತದೆ. ಸಣ್ಣ ಬ್ಯಾಟರಿಯ ಯಂತ್ರವೆಂದು ಬೆರಳಿಟ್ಟವರಿಗೆ ಆ ಇನ್ನೂರು ವೋಲ್ಟು ತನ್ನ ಪರಿಚಯವನ್ನು ಮಾಡಿಕೊಡುತ್ತದೆ. ಬಹುಕಾಲ ಸುಮ್ಮನಿದ್ದ ಸೆಟ್ಟಿನ ಕೆಪಾಸಿಟರುಗಳು ಒಣಗಿರುತ್ತವೆ. ಅವನ್ನು ಬದಲಿಸದೆ ಬ್ಯಾಟರಿ ಕೊಟ್ಟರೆ ಟ್ರಾನ್ಸ್‌ಫಾರ್ಮರಿಗೇ ಕುತ್ತು. ವಾಲ್ವಿನ ಸೆಟ್ಟನ್ನು ಧ್ವನಿವರ್ಧಕ ಕಳಚಿಟ್ಟು ನಡೆಸಲೂಬಾರದು.

ಇದಕ್ಕಿಂತ ಮೋಸದ ಅಪಾಯ ಇನ್ನೊಂದಿದೆ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿ ಕಾರಿನ ಮೈಗೆ ಸೇರಿರುತ್ತದೆ. ೧೯೬೦ರ ದಶಕದ ನಡುಭಾಗದವರೆಗಿನ ಅನೇಕ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಇದು ತಿರುಗುಮುರುಗು. ಧನ ತುದಿ ಮೈಗೆ. ಅಂಥ ಕಾರಿನಲ್ಲಿ ಫೋನನ್ನು ಕಾರಿನದೇ ವಿದ್ಯುತ್ತಿನಿಂದ ಚಾರ್ಜು ಮಾಡುತ್ತ, ಹಾಡಿನ ತಂತಿಯನ್ನು ರೇಡಿಯೋಕ್ಕೆ ಚುಚ್ಚಿದರೆ ಏನಾದೀತು? ತಂತಿಯ ಕವಚದ ಒಂದು ತುದಿ ಚಾರ್ಜರಿನ ಮೂಲಕ ಬ್ಯಾಟರಿಯ ಋಣಕ್ಕೆ, ಇನ್ನೊಂದು ತುದಿ ರೇಡಿಯೋದ ತಗಡಿನ ಮೂಲಕ ಧನಕ್ಕೆ. ಅಷ್ಟು ತೆಳುವಾದ ತಂತಿ ಇಡೀ ಬ್ಯಾಟರಿಯನ್ನು ಹೊರಬೇಕಾಗುತ್ತದೆ. ಹೊಗೆ ಬರುವುದಕ್ಕೆ ಕ್ಷಣ ಸಾಕು. ಆದಕಾರಣ ಬಾನೆಟ್ಟು ಎತ್ತಿ, ಬ್ಯಾಟರಿಯ ಯಾವ ತುದಿಯ ದಪ್ಪ ಪಟ್ಟಿ ಮೈಗೆ ಸೇರಿದೆಯೆಂದು ಮೊದಲು ನೋಡತಕ್ಕದ್ದು. ತನ್ನದೇ ಸಣ್ಣ ಬ್ಯಾಟರಿಯುಳ್ಳ ಬ್ಲೂಟೂತ್ ಪೆಟ್ಟಿಗೆಯನ್ನು ರೇಡಿಯೋಕ್ಕೆ ಕೂಡಿಸಿ, ಫೋನನ್ನು ದೂರವಿಟ್ಟರೆ ಎರಡರ ನಡುವೆ ತಂತಿಯ ನಂಟೇ ಇರುವುದಿಲ್ಲ, ಈ ಗಂಡಾಂತರವೂ ಇಲ್ಲ. ಡೈನಮೋವಿನ ಗೊರಲೂ ಹಾಡಿನೊಳಗೆ ಬಾರದೆಂಬುದು ಮೇಲಿನ ಲಾಭ. ಆ ಪೆಟ್ಟಿಗೆಯನ್ನು ಮನೆಯಲ್ಲೇ ಚಾರ್ಜು ಮಾಡಿ ತನ್ನಿ.

ಮೂರನೆಯದೊಂದು ಮಾರ್ಗವನ್ನು ಹೇಳದೆ ಬಿಡಲಾಗದು. ಹಳೆಯ ರೇಡಿಯೋದ ಮುಖವನ್ನೂ ಗುಂಡಿಗಳನ್ನೂ ಉಳಿಸಿ, ಒಳಗಿನ ಕರುಳನ್ನೆಲ್ಲ ತೆಗೆದು, ಹೊಸ ಯಂತ್ರವನ್ನು ತುಂಬಿಕೊಡುವವರು ಹೊರದೇಶಗಳಲ್ಲಿದ್ದಾರೆ. ಕೆಲಸ ಚೊಕ್ಕಟವಾಗಿಯೇ ಇರುತ್ತದೆ. ಒಳಗಿನ ಸುರುಳಿಗಳು ಸುಟ್ಟು, ಬಿಡಿಭಾಗಗಳು ಸಿಗದೆ, ರಿಪೇರಿಯವರು ಕೈಚೆಲ್ಲಿದ ಸೆಟ್ಟಿಗೆ ಇದು ಸರಿ. ಬದುಕಿರುವ ಸೆಟ್ಟಿಗೆ ಹೀಗೆ ಮಾಡುವುದನ್ನು ನಾವು ಒಪ್ಪಲಾರೆವು. ಇದಕ್ಕಿಂತಲೂ ಕೆಟ್ಟದ್ದು, ಈ ನಗರದಲ್ಲಿ ಹೆಚ್ಚಾಗಿ ನಡೆದಿರುವುದು, ಹೊಸ ಸೆಟ್ಟು ಹಿಡಿಸುವುದಕ್ಕಾಗಿ ಮುಂಭಾಗದ ಹಲಗೆಯ ತಗಡನ್ನೇ ಕೊಯ್ಯುವುದು. ಹೊಸ ಸೆಟ್ಟು ಐದು ವರ್ಷದಲ್ಲಿ ಹಳತಾಗುತ್ತದೆ. ಕೊಯ್ದ ತಗಡು ಕೂಡುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಹಾಡು ಹೇಗೆ ಕೇಳುತ್ತದೆ? ನಾವು ಹೇಳಿದ ಆ ಫಿಯೆಟ್ಟಿಗೆ ಹಿತ್ತಿಲ ಬಾಗಿಲು ತೆರೆದ ಮೇಲೆ ಮಾಟುಂಗಾದಿಂದ ವರಳಿಯವರೆಗೆ ಕುಳಿತು ಕೇಳಿದೆವು. ಕಾಗದದ ಒಂದೇ ಒಂದು ಧ್ವನಿವರ್ಧಕ. ಈಚಿನ ಸಿನಿಮಾ ಹಾಡಿನ ಕೆಳಗಿನ ಗುಡುಗು ಅದರಲ್ಲಿ ಬಾರದು. ಬರಿಸಲು ಗುಂಡಿ ತಿರುಗಿಸಿದರೆ ಕಾಗದ ಗರಗರ ಎನ್ನುತ್ತದೆ. ಆದರೆ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಿಕೆಯೊಂದನ್ನು ಹಚ್ಚಿದಾಗ ನಾವು ಮಾತು ನಿಲ್ಲಿಸಿದೆವು. ಕಂಠದ ನಡು ಸ್ವರಗಳಿಗೇ ಹದಮಾಡಿದ ಯಂತ್ರ ಅದು, ನಿಲಯದ ವಾರ್ತೆ ಗದ್ದಲದಲ್ಲೂ ಕೇಳಲೆಂದು. ೧೯೬೦ರ ದಶಕದ ನಮ್ಮ ಕನ್ನಡ ಚಿತ್ರಗೀತೆಗಳಂತೂ ಒಂದೇ ಧಾರೆಯಲ್ಲಿ ಮುದ್ರಿತವಾದವು. ಎಡ ಬಲ ಕೂಡಿಸುವಾಗ ಅವು ಕಳೆದುಕೊಳ್ಳುವುದು ಏನೂ ಇಲ್ಲ. ಸದಸ್ಯರ ತಾಯಿಯವರು ಹಿಂದಿನ ಆಸನದಲ್ಲಿದ್ದರು. ಹಾಡಿನ ವಿಷಯ ಏನೂ ಹೇಳಲಿಲ್ಲ. ರೇಡಿಯೋ ಹಚ್ಚಿದೊಡನೆ ದೀಪ ಹತ್ತಿಕೊಳ್ಳುವುದನ್ನು ಮಾತ್ರ ಮತ್ತೊಮ್ಮೆ ತೋರಿಸೆಂದು ಮಗನಿಗೆ ಹೇಳಿದರು.

ದೂರದ ಪ್ರಯಾಣಕ್ಕೆ ಹಾಡುಗಳ ಸಾಲನ್ನು ಹೊರಡುವ ಮೊದಲೇ ಜೋಡಿಸಿಡಿ. ಘಟ್ಟದಲ್ಲಿ ಫೋನು ತಡಕಾಡುವುದು ಬೇಡ. ಬೇಸಗೆಯಲ್ಲಿ ಫೋನನ್ನು ಗಾಜಿನ ಕೆಳಗೆ ಬಿಸಿಲಿಗೆ ಇಡಬೇಡಿ. ಸ್ವಿಚ್ಚನ್ನು ಆಗಾಗ ನಿಲಯದ ಕಡೆಗೂ ತಿರುಗಿಸಿ ನೋಡಿ; ಯಾವ ಊರಿನ ಹತ್ತಿರ ಯಾವ ನಿಲಯ ಇನ್ನೂ ಮಾತಾಡುತ್ತಿದೆಯೆಂದು ನಮಗೂ ಒಂದು ಕಾರ್ಡು ಬರೆಯಿರಿ, ವಾಚನಾಲಯದ ಹಲಗೆಗೆ ಹಚ್ಚುತ್ತೇವೆ.

ಸಾಮಾನುಗಳ ವಿಷಯ: ರೆಸಿಸ್ಟರು, ಕೆಪಾಸಿಟರು, ಕವಚದ ತಂತಿ, ಸ್ವಿಚ್ಚು ಇವೆಲ್ಲ ಲ್ಯಾಮಿಂಗ್ಟನ್ ರಸ್ತೆಯಲ್ಲಿ ದೊರೆಯುತ್ತವೆ. ಪುಣೆಯವರು ತಪಕೀರ್ ಗಲ್ಲಿಯಲ್ಲಿ, ಚೆನ್ನೈಯವರು ರಿಚಿ ಸ್ಟ್ರೀಟಿನಲ್ಲಿ, ಹೈದರಾಬಾದಿನವರು ಕೋಠಿಯ ಗುಜರಾತಿ ಗಲ್ಲಿಯಲ್ಲಿ, ದೆಹಲಿಯವರು ಲಾಜಪತ ರಾಯ್ ಮಾರುಕಟ್ಟೆಯಲ್ಲಿ ವಿಚಾರಿಸಬಹುದು. ಊರಿಗೆ ಹೋದಾಗ ಬೆಂಗಳೂರಿನ ಎಸ್. ಪಿ. ರಸ್ತೆ ಇದ್ದೇ ಇದೆ. ಹಳೆಯ ಗುಂಡಿ, ಗಾಜು, ವಾಲ್ವು ಬೇಕಾದವರು ಚೋರ್ ಬಜಾರಿಗೆ ಒಂದು ಬೆಳಿಗ್ಗೆ ಹೋಗಿಬನ್ನಿ, ಚೌಕಾಸಿಗೆ ಸಿದ್ಧರಾಗಿ. ಹೋಗುವಾಗ ಸೆಟ್ಟಿನ ಹಿಂದೆ ಅಂಟಿಸಿರುವ ಮಾದರಿಯ ಸಂಖ್ಯೆ, ಎಷ್ಟು ವೋಲ್ಟು, ಯಾವ ತುದಿ ಮೈಗೆ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅದನ್ನು ಕೇಳದೆಯೇ ಕೆಲಸ ಒಪ್ಪಿಕೊಳ್ಳುವ ರಿಪೇರಿಯವರ ಕೈಗೆ ಸೆಟ್ಟನ್ನು ಕೊಡಬೇಡಿ.